ತಿಕ್ಕಿದಷ್ಟೂ ಬಿಗಿಯಾದ ತೊಡೆ

ಗಂಗಾವತಿ ಕಡೆಯ ಹುಡುಗ. ಭತ್ತದ ಲೋಡಿನ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸ್ಕ್ರೂ, ರಾಡ್ ಹಾಕಿ ಆಪರೇಷನ್ ಮಾಡಿ 8 ವಾರವಾಗಿತ್ತು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಆ ಸೋಮವಾರ ಫಿಸಿಯೋಥೆರಪಿಗೆ ಕರೆತಂದ ತಾಯಿ ಬಾಗಿಲಲ್ಲೇ ಹೇಳಿದರು: "ಎಡಗಾಲು ಮಡಚಾಕ ಬರವಲ್ದ್ರೀ ಸರ್. ತೊಡಿ ಬಾತೈತ್ರಿ. ದಿನಾ ಬಿಸಿ ಹರಳೆಣ್ಣಿ ಹಚ್ಚಿ, ತಿಕ್ಕಿ, ಜೋರಲೆ ಮಡಚತೀನ್ರಿ."

ತಿಕ್ಕುವುದನ್ನು ಮೊದಲು ನಿಲ್ಲಿಸಬೇಕಾಯಿತು. ಹುಡುಗನಿಗೆ ನೋವು ಗೊತ್ತಾಗುವುದಿಲ್ಲ. ಸ್ನಾಯು ಹರಿದರೂ, ಮೂಳೆ ಮುರಿದರೂ ಅವನು "ಅವ್ವಾ, ಸಾಕು" ಅನ್ನಲಾರ.

ತೊಡೆ ಬೆಚ್ಚಗಿತ್ತು. ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಟೇಪ್ ಸುತ್ತಿದರೆ ಬಲತೊಡೆಗಿಂತ 4 ಸೆಂ.ಮೀ. ಹೆಚ್ಚು. ಹದಿನೈದು ದಿನದ ಹಿಂದೆ 110 ಡಿಗ್ರಿ ಬಾಗುತ್ತಿದ್ದ ಸೊಂಟದ ಕೀಲು 70ಕ್ಕೇ ನಿಂತಿತು. ಬರೀ ನರದ ಬಿಗಿತವಾದರೆ ನಿಧಾನಕ್ಕೆ ಒತ್ತಿ ಹಿಡಿದಾಗ ಸಡಿಲ ಕೊಡುತ್ತದೆ. ಇದು ಬಾಗಿಲ ಹಿಂದೆ ಕಲ್ಲಿಟ್ಟ ಹಾಗೆ ನಿಂತಿತ್ತು.

ಸ್ನಾಯುಗಳ ನಡುವೆ ಮೂಳೆ ಬೆಳೆಯುತ್ತಿದೆಯೆಂಬ ಅನುಮಾನ ಬಂದರೂ ಮೊದಲು ಮಾಡಿಸಬೇಕಾದದ್ದು ಡಾಪ್ಲರ್, ಅಂದರೆ ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಸ್ಕ್ಯಾನ್. ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ತೊಡೆ ಹೀಗೇ ಬಾಯುತ್ತದೆ. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಹೆಪ್ಪು ಇರಲಿಲ್ಲ. ಎಕ್ಸ್-ರೇಯೂ ಸ್ವಚ್ಛವಾಗಿತ್ತು. ಬಹಳ ಮಂದಿ ಎಡವುವುದು ಇಲ್ಲಿಯೇ. ಹೊಸ ಮೂಳೆಗೆ ಕ್ಯಾಲ್ಸಿಯಂ ತುಂಬುವವರೆಗೆ, ಅಂದರೆ ಮೊದಲ ಕೆಲವು ವಾರ, ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ಬೋನ್ ಸ್ಕ್ಯಾನ್ ಮೊದಲೇ ತೋರಿಸುತ್ತದೆ. ಮೂಳೆ ಬೆಳೆಯುವಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ರಕ್ತದಲ್ಲಿ ಏರಿತ್ತು, ಆದರೆ ಮುರಿದ ಮೂಳೆ ಕೂಡುವಾಗಲೂ ಅದು ಏರುತ್ತದೆ, ಅದೊಂದನ್ನೇ ನಂಬುವಂತಿಲ್ಲ. ಮೂರು ವಾರ ಬಿಟ್ಟು ತೆಗೆದ ಎಕ್ಸ್-ರೇಯಲ್ಲಿ ಕೀಲಿನ ಮುಂದೆ ಹಿಂಜಿದ ಹತ್ತಿಯಂಥ ಬಿಳಿ ನೆರಳು.

ಹಾಲು, ಮೊಸರು ಬಿಡಿಸಿದರೆ ಇದು ಕರಗುವುದಿಲ್ಲ. ದಯವಿಟ್ಟು ಬಿಡಿಸಬೇಡಿ, ಹಾಸಿಗೆ ಹಿಡಿದ ಮೈಗೆ ಅದು ಬೇಕು. ಹೊಸ ಮೂಳೆ ಬೆಳೆಯುವುದನ್ನು ತಡೆಯಲು ಕೊಡುವುದು ಇಂಡೊಮೆಥಾಸಿನ್ ಎಂಬ ಉರಿಯೂತ ಇಳಿಸುವ ಗುಳಿಗೆ, ಸಾಮಾನ್ಯವಾಗಿ 25 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಸಲ, ಊಟವಾದ ಮೇಲೆ. ಆದರೆ ಈ ಗುಳಿಗೆ ಬೆನ್ನಿನ ಮೂಳೆ ಕೂಡುವುದನ್ನೂ ತಡಮಾಡಬಹುದು, ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಹುದು. ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಶುರುಮಾಡುವಂತಿಲ್ಲ. ಮೂಳೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಅದು ಬಲಿಯುವವರೆಗೆ, 12ರಿಂದ 18 ತಿಂಗಳು, ಕಾಯುತ್ತಾರೆ. ಅಲ್ಲಿಯವರೆಗೆ ಕೂರಿಸುವಾಗ ಎಚ್ಚರ: ಒಂದು ಸೊಂಟ ಬಾಗದಿದ್ದರೆ ಭಾರವೆಲ್ಲ ಇನ್ನೊಂದು ಕುಂಡಿಗೆ ಬಿದ್ದು ಹುಣ್ಣಾಗುತ್ತದೆ.

"ಹಂಗಾರ ಕಾಲು ಆಡ್ಸೋದ ಬಿಟ್ಟುಬಿಡ್ಲೇನ್ರೀ?" ಅಂದರು ತಾಯಿ.

ಬಿಟ್ಟರೆ ಇನ್ನೂ ಬಿಗಿಯುತ್ತದೆ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಹಿಮ್ಮಡಿಗೆ. ನಿಧಾನ ಎತ್ತಿ, ತಡೆ ಸಿಕ್ಕಲ್ಲಿ ಐದು ಎಣಿಸಿ ಇಳಿಸುವುದು, ಬೆಳಿಗ್ಗೆ ಹತ್ತು, ಸಂಜೆ ಹತ್ತು. ಮಂಚದ ಪಕ್ಕದ ಗೋಡೆಗೆ ಮಂಡಿ ಮುಟ್ಟಿದ ಎತ್ತರದಲ್ಲಿ ಪೆನ್ಸಿಲ್ ಗೆರೆ ಎಳೆಯಲು ಹೇಳಿದೆವು. ಗೆರೆ ಕೆಳಗಿಳಿದರೆ ಅವತ್ತೇ ಬರಬೇಕು.