ತೋಟೆ ಕೂರುತ್ತಿಲ್ಲ, ಕ್ರಿಂಪು ಇನ್ನಷ್ಟು ಬಿಗಿ ಮಾಡಲಾ?

ಶನಿವಾರ ಬೆಳಗ್ಗೆ ಫೋನ್ ಬಂತೆಂದರೆ ಬಹುಪಾಲು ಇದೇ ಪ್ರಶ್ನೆ. "ಅಣ್ಣಾ, ನಾನೇ ತುಂಬಿದ 9 ಎಂಎಂ ತೋಟೆ ಚೇಂಬರಿನಲ್ಲಿ ಪೂರ್ತಿ ಕೂರ್ತಿಲ್ಲ. ಸ್ಲೈಡು ಕೊನೇ ಒಂದು ಚೂರು ಮುಚ್ಕೊಳಲ್ಲ. ಕ್ರಿಂಪು ಇನ್ನೊಂದು ಸುತ್ತು ಬಿಗಿ ಮಾಡ್ಲಾ?" ಚೇಂಬರ್ ಅಂದರೆ ಪಿಸ್ತೂಲಿನ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು, ಸ್ಲೈಡು ಅಂದರೆ ಅದನ್ನು ಹಿಂದಿನಿಂದ ಮುಚ್ಚುವ ಮೇಲಿನ ಜಾರುಭಾಗ. ಕ್ರಿಂಪು ಏನೆಂದು ಮುಂದೆ ಹೇಳುತ್ತೇನೆ.

ಬೇಡ ಮಾರಾಯ. ನನ್ನ ಉತ್ತರ ಇಷ್ಟೇ. ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲಿ, ಹೊಡೆದ ಖಾಲಿ ತೋಟೆಗಳನ್ನು ಬಾಚಿಕೊಂಡು ಬಂದು, ಗ್ಯಾರೇಜಿನಲ್ಲಿ ಮತ್ತೆ ತುಂಬಿಕೊಳ್ಳುವುದು ಇಲ್ಲಿ ಮಾಮೂಲಿ ಹವ್ಯಾಸ. ಸ್ವಂತ ಬಳಕೆಗೆ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಊರಿನಲ್ಲಿ ಓದುತ್ತಿರುವವರು ಇದನ್ನು ಪ್ರಯತ್ನಿಸುವ ಹಾಗಿಲ್ಲ. ಭಾರತದಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷೇಧಿತ ಬೋರು (ನಳಿಗೆಯ ಅಳತೆ), ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ನಮ್ಮಜ್ಜನ ಕೇಪಿನ ಕೋವಿಗೆ ಇಂಥ ತಲೆನೋವೇ ಇರಲಿಲ್ಲ. ಮದ್ದು ಸುರಿ, ಚಿಂದಿ ಜಡಿ, ಚರೆ ಹಾಕು, ಮುಗಿಯಿತು. ಅರೆಸ್ವಯಂಚಾಲಿತ ಪಿಸ್ತೂಲು ಅಷ್ಟು ಉದಾರಿಯಲ್ಲ.

ಮಾತು ಗೊಂದಲವಾಗದಿರಲಿ ಅಂತ ಹೇಳುತ್ತೇನೆ: ತೋಟೆ ಅಂದರೆ ಇಡೀ ಸಾಮಾನು, ಗುಂಡು ಅಂದರೆ ಅದರ ಮೂತಿಯಲ್ಲಿ ಕೂತಿರುವ ಸೀಸ, ಕೇಸು ಅಂದರೆ ಹಿತ್ತಾಳೆಯ ಕೊಳವೆ. ಗುಂಡು ಕೂರಿಸುವ ಮುಂಚೆ ಕೇಸಿನ ಬಾಯಿಯನ್ನು ಕಹಳೆಯಂತೆ ಒಂಚೂರು ಅರಳಿಸುತ್ತೇವೆ. ಕೂರಿಸಿದ ಮೇಲೆ ಆ ಅರಳನ್ನು ಮತ್ತೆ ನೇರ ಮಾಡುವುದೇ ಕ್ರಿಂಪು. ಗುಂಡನ್ನು ಹಿಡಿದಿಡುವುದು ಕ್ರಿಂಪು ಅಂತ ಹೆಚ್ಚಿನವರು ನಂಬಿದ್ದಾರೆ. ಹಿಡಿಯುವುದು ಕೇಸಿನ ಗೋಡೆಯ ಬಿಗಿ. ಇನ್ನೊಂದು ವಿಷಯ: 9 ಎಂಎಂ ತೋಟೆ ಚೇಂಬರಿನಲ್ಲಿ ನಿಲ್ಲುವುದೇ ಕೇಸಿನ ಬಾಯಂಚಿನ ಮೇಲೆ. ಆ ಅಂಚನ್ನು ಒಳಕ್ಕೆ ಹಿಸುಕಿಬಿಟ್ಟರೆ ತೋಟೆಗೆ ನಿಲ್ಲಲು ನೆಲೆಯೇ ಇಲ್ಲ. ಜೊತೆಗೆ ಬಾಯಿಯ ಕೆಳಗೆ ಕೇಸು ಉಬ್ಬುತ್ತದೆ. ಕೂರದಿದ್ದ ತೋಟೆ ಇನ್ನೂ ಕೂರದಂತಾಗುತ್ತದೆ.

ಹೋದ ಚಳಿಗಾಲದಲ್ಲಿ ಶಿವಮೊಗ್ಗ ಕಡೆಯ ಹುಡುಗನೊಬ್ಬ 50 ತೋಟೆಗಳ ಡಬ್ಬಿ ಹಿಡಿದು ಬಂದ. ಅದರಲ್ಲಿ 11 ಕೂರುತ್ತಿಲ್ಲ. "ಸ್ಲೈಡಿನ ಹಿಂದೆ ಅಂಗೈಲಿ ಗುದ್ದಿದ್ರೆ ಕೂತ್ಕೊಳತ್ತೆ ಅಣ್ಣಾ" ಅಂದ. ಆ ಮಾತು ಕೇಳಿ ಚಹಾ ಲೋಟ ಕೆಳಗಿಟ್ಟೆ. ಬಲವಂತದಿಂದ ತುರುಕಿದ ಜೀವಂತ ತೋಟೆ ಅಲ್ಲೇ ಕಚ್ಚಿಕೊಂಡರೆ ತೆಗೆಯುವುದು ಹೇಗೆ? ಹಾಗಾದಾಗ ನಳಿಗೆಯನ್ನು ಗುರಿಯ ದಿಕ್ಕಿನಲ್ಲೇ ಇಟ್ಟು ರೇಂಜ್ ಆಫೀಸರನ್ನು ಕರೆಯಬೇಕು. ನಳಿಗೆಯೊಳಗೆ ಸರಳು ಹಾಕಿ ಕುಟ್ಟಲು ಹೋಗಬಾರದು.

ಪಿಸ್ತೂಲು ಖಾಲಿ ಇದೆಯೆಂದು ಎರಡು ಸಲ ನೋಡಿ ಬ್ಯಾರೆಲ್, ಅಂದರೆ ನಳಿಗೆ, ಬಿಚ್ಚಿದೆವು. ಕೈಯಲ್ಲಿ ಬ್ಯಾರೆಲ್ ಮಾತ್ರ ಇದ್ದರೆ ಹೊಡೆಯಲು ಫೈರಿಂಗ್ ಪಿನ್ನೇ ಇಲ್ಲವಲ್ಲ, ಪರೀಕ್ಷೆಗೆ ಅದೇ ಸರಿ. ಬ್ಯಾರೆಲಿನ ಮೂತಿ ಕೆಳಗೆ ಮಾಡಿ ಚೇಂಬರಿಗೆ ತೋಟೆ ಇಳಿಬಿಟ್ಟರೆ ಟಣ್ ಅಂತ ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಬ್ಯಾರೆಲ್ ತಲೆಕೆಳಗು ಮಾಡಿದರೆ ತಾನೇ ಬೀಳಬೇಕು. ಅವನ ಹನ್ನೊಂದೂ ಡಬ್ ಅಂದವು.

ಆಗ ತೆಗೆದದ್ದು ಕಪ್ಪು ಮಾರ್ಕರ್ ಪೆನ್ನು. ತೋಟೆಗೆ ಮೂತಿಯಿಂದ ಬುಡದವರೆಗೆ ಮಸಿ ಬಳಿದು, ಚೇಂಬರಿಗೆ ಬಿಟ್ಟು, ಮೆಲ್ಲಗೆ ಒತ್ತಿ ತಿರುಗಿಸಿ ತೆಗೆಯುವುದು. ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ. ನನ್ನ ಇಡೀ ವಿದ್ಯೆ ಇಷ್ಟೇ. ಮಸಿ ಹೇಳುವ ಮೊದಲು ಪ್ರೆಸ್ಸಿನ ಯಾವ ಡೈಯನ್ನೂ (ಕೇಸನ್ನು ಒತ್ತಿ ಆಕಾರ ಕೊಡುವ ಅಚ್ಚು) ತಿರುಗಿಸಬೇಡಿ.

ಎಂಟು ತೋಟೆಗಳಲ್ಲಿ ಮಸಿ ಹೋಗಿದ್ದು ಕೇಸಿನಲ್ಲಲ್ಲ, ಗುಂಡಿನ ಭುಜದ ಮೇಲೆ, ಅಂದರೆ ಮೂತಿ ಸಣ್ಣಗಾಗಲು ಶುರುವಾಗುವ ಜಾಗದಲ್ಲಿ. ಒಂದರ ಪಕ್ಕ ಒಂದು ಸಣ್ಣ ಗೀರು, ಬ್ಯಾರೆಲಿನ ಒಳತೋಡುಗಳ ಅಚ್ಚು. ಕೇಳಿದರೆ, ದುಂಡು ಮೂತಿಯ ಗುಂಡು ಮುಗಿದಿತ್ತಂತೆ, ಕಡೇ ಎಂಟಕ್ಕೆ ಚಪ್ಪಟೆ ಮೂತಿಯ ಹೊಸ ಡಬ್ಬಿ ಒಡೆದಿದ್ದನಂತೆ. ತೋಟೆಯ ಒಟ್ಟು ಉದ್ದ ಮಾತ್ರ ಹಳೆಯದೇ, 28.7 ಮಿ.ಮೀ. "ಗರಿಷ್ಠ 29.69 ಅಂತ ಇದೆಯಲ್ಲಣ್ಣಾ, ನಂದು ಒಳಗೇ ಇದೆ" ಅಂತ ವಾದ. ಗರಿಷ್ಠ ಉದ್ದ ಸರಿಯೇ. ಆದರೆ ದುಂಡು ಮೂತಿ ಮೊದಲಿಂದಲೇ ಸಣ್ಣಗಾಗುತ್ತಾ ಹೋಗುತ್ತದೆ. ಚಪ್ಪಟೆ ಮೂತಿಯದು ಪೂರ್ತಿ ದಪ್ಪವನ್ನೇ ಮುಂದಿನವರೆಗೂ ಹೊತ್ತು ತರುತ್ತದೆ. ಉದ್ದ ಒಂದೇ ಆದರೂ ಭುಜ ಮುಂದೆ ಹೋಗಿ ತೋಡುಗಳಿಗೆ ಗುದ್ದುತ್ತದೆ. ತೋಟೆ ತುಂಬುವ ಕೈಪಿಡಿಯಲ್ಲಿ ಒಂದು ಗುಂಡಿಗೆ ಕೊಟ್ಟ ಉದ್ದ ಆ ಗುಂಡಿಗೆ ಮಾತ್ರ.

ಪರಿಹಾರ: ಗುಂಡನ್ನು ಇನ್ನೂ ಒಳಗೆ ಕೂರಿಸುವುದು. ಆದರೆ 9 ಎಂಎಂ ಕೇಸು ಅಂಗೈಯಲ್ಲಿ ಕಡಲೆಬೀಜದಷ್ಟು ಪುಟ್ಟದು. ಗುಂಡು ಒಳಗೆ ಹೋದಷ್ಟೂ ಮದ್ದಿಗೆ ಜಾಗ ಕಮ್ಮಿಯಾಗಿ ಒತ್ತಡ ಜೋರಾಗಿ ಏರುತ್ತದೆ. ಅದಕ್ಕೇ ಹಳೇ ಅಳತೆಯ ಮದ್ದು ಉಳಿಸಿಕೊಂಡು ಗುಂಡನ್ನಷ್ಟೇ ಒತ್ತಕೂಡದು. ಆ ಗುಂಡಿಗೇ ಕೊಟ್ಟಿರುವ ಕೈಪಿಡಿಯ ಆರಂಭದ ಅಳತೆಯಿಂದ ಮತ್ತೆ ಶುರು ಮಾಡಬೇಕು. ಈ ಎಂಟರಲ್ಲಿ ಎರಡಕ್ಕೆ ಅವನು ಆಗಲೇ ಕ್ರಿಂಪು ಬಿಗಿದು ನೋಡಿದ್ದ. ಕ್ಯಾಲಿಪರ್ ಇಟ್ಟು ಅಳೆದರೆ ಬಾಯಿಯ ಹೊರ ಅಗಲ 9.4 ಮಿ.ಮೀ. ಇರಬಹುದಾದ ಗರಿಷ್ಠ 9.65. ನನಗೆ 9.6ರ ಆಸುಪಾಸು ಸಾಕು, ಅರಳು ಹೋದರೆ ಕ್ರಿಂಪಿನ ಕೆಲಸ ಮುಗಿಯಿತು.

ಉಳಿದ ಮೂರರ ಕಥೆಯೇ ಬೇರೆ. ಮಸಿ ಅಳಿಸಿದ್ದು ಬುಡದಲ್ಲಿ, ಬುಡದಂಚಿಗಿಂತ ತುಸು ಮೇಲೆ. ಮೂರೂ ರೇಂಜಿನಲ್ಲಿ ಹೆಕ್ಕಿದ, ಯಾರದೋ ಸಡಿಲ ಚೇಂಬರಿನಲ್ಲಿ ಉಬ್ಬಿದ ಕೇಸುಗಳು. ಅವನ ಪ್ರೆಸ್ಸಿನಲ್ಲಿ ಸೈಜಿಂಗ್ ಡೈ, ಅಂದರೆ ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು, ನೋಡಿದರೆ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೂ ಡೈಗೂ ನಡುವೆ ನಾಣ್ಯ ತೂರಿಸುವಷ್ಟು ಸಂದು. ಡೈ ಕೆಳಗಿಳಿಯದೆ ಬುಡದ ಉಬ್ಬು ಹಾಗೇ ಉಳಿದಿತ್ತು. ತನ್ನದೇ ಪಿಸ್ತೂಲಿನ ಕೇಸುಗಳಿಗೆ ಅಷ್ಟೇ ಸಾಕಾಗುತ್ತಿತ್ತು, ಅದಕ್ಕೇ ಇಷ್ಟು ದಿನ ಗೊತ್ತಾಗಿರಲಿಲ್ಲ.

ಒಂದೇ ಮಗ್ಗುಲಲ್ಲಿ ಮಸಿ ಹೋಗಿದ್ದರೆ ಗುಂಡು ಓರೆಯಾಗಿ ಕೂತಿದೆ. ಬಾಯಿ ಇನ್ನೊಂಚೂರು ಅರಳಿಸಿ. ಬಾಯಂಚಿನ ಸುತ್ತ ಹೋಗಿದ್ದರೆ, ಆಗ ಮಾತ್ರ, ಕ್ರಿಂಪು ಸಾಲದು. ಅದನ್ನೂ ಕೂದಲೆಳೆಯಷ್ಟು ತಿರುಗಿಸಿ, ಅಳೆದು, ಮತ್ತೆ ಟಣ್ ಕೇಳಿ. ಕೊನೆಗೆ ತೋಟೆಯ ಮೂತಿಯನ್ನು ಹೆಬ್ಬೆರಳ ಬಲದಿಂದ ಮೇಜಿಗೆ ಒತ್ತಿ, ಮುಂಚೆ ಆಮೇಲೆ ಎರಡೂ ಸಲ ಉದ್ದ ಅಳೆಯಿರಿ. ಗುಂಡು ಒಳಗೆ ಸರಿದಿದ್ದರೆ ಆ ತೋಟೆ ಹೊಡೆಯಲು ಯೋಗ್ಯವಲ್ಲ.

ಹನ್ನೊಂದನ್ನೂ ಕನ್ನಡಕ ಹಾಕಿಕೊಂಡು, ಗುಂಡು ಕೀಳುವ ಸುತ್ತಿಗೆಯಲ್ಲಿ ಒಂದೊಂದಾಗಿ ಬಿಚ್ಚಿದೆವು. ಅರ್ಧ ಗಂಟೆ ಹಿಡಿಯಿತು. ಹಿಸುಕಿದ ಎರಡು ಕೇಸು ಗುಜರಿ ಡಬ್ಬಕ್ಕೆ ಹೋದವು. ಹುಡುಗ ಹೋಗುವಾಗ ನನ್ನ ಮಾರ್ಕರನ್ನೂ ಜೇಬಿಗೆ ಹಾಕಿಕೊಂಡು ಹೋಗಿದ್ದ. ಇನ್ನೂ ವಾಪಸ್ ಬಂದಿಲ್ಲ.