ರಿಪೋರ್ಟಿನಲ್ಲಿ ಸಿಸ್ಟ್ ಇದೆ, ಅಮೀಬಾ ಯಾವುದು?

ಮಲ ಪರೀಕ್ಷೆಯ ರಿಪೋರ್ಟಿನಲ್ಲಿ ‘ಎಂಟಮೀಬಾ ಹಿಸ್ಟೊಲಿಟಿಕಾ ಸಿಸ್ಟ್ ಕಂಡುಬಂದಿದೆ’ ಎಂಬ ಒಂದು ಸಾಲು ಇದ್ದರೆ ಸಾಕು, ಅವತ್ತಿನಿಂದಲೇ ಅಮೀಬಾ ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆ ಶುರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಆ ಸಾಲು ಬರೆದವರ ಕಣ್ಣಿಗೆ ಬಿದ್ದದ್ದಾದರೂ ಏನು? ಒಂದು ಸಿಸ್ಟ್, ಅಂದರೆ ಗಟ್ಟಿ ಗೋಡೆಯೊಳಗೆ ಓಡಾಡದೆ ಕೂತ ಅಮೀಬಾ: ಸುಮಾರು 12 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲದ ಒಂದು ದುಂಡನೆಯ ಕೋಶ, ಅದರೊಳಗೆ ನಾಲ್ಕು ಕೋಶಕೇಂದ್ರ. ಇಷ್ಟರಿಂದಲೇ ಅದು ಹಿಸ್ಟೊಲಿಟಿಕಾ ಎಂದು ಹೇಳಲು ಬರುವುದಿಲ್ಲ. ಎಂಟಮೀಬಾ ಡಿಸ್ಪಾರ್ ಎಂಬ ಇನ್ನೊಂದು ಅಮೀಬಾದ ಸಿಸ್ಟ್ ಕೂಡ ಅಷ್ಟೇ ಅಗಲ, ಅದಕ್ಕೂ ನಾಲ್ಕೇ ಕೇಂದ್ರ, ಗೋಡೆಯೂ ಅಂಥದ್ದೇ. ಮೈಕ್ರೋಸ್ಕೋಪ್ ಎಷ್ಟೇ ದುಬಾರಿಯದಿರಲಿ, ನೋಡುವವರು ಎಷ್ಟೇ ಪಳಗಿರಲಿ, ಈ ಎರಡು ಸಿಸ್ಟ್‌ಗಳಲ್ಲಿ ಇದು ಇಂಥದ್ದೆಂದು ಹೇಳಲಾಗದು. ಹಿಸ್ಟೊಲಿಟಿಕಾ ಉಂಡ ಮನೆಗೆ ಎರಡು ಬಗೆಯಬಲ್ಲದು, ಕರುಳಿನ ಗೋಡೆ ಕೊರೆದು ಹುಣ್ಣು ಮಾಡಬಲ್ಲದು. ಡಿಸ್ಪಾರ್ ಬರಿಯ ಸಹಭೋಜಿ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ.

ಈ ಗೊಂದಲಕ್ಕೆ ನೂರು ವರ್ಷ ದಾಟಿದೆ. ಮನುಷ್ಯರ ಕರುಳಿನ ಅಮೀಬಾವನ್ನು 1870ರಲ್ಲಿ ಕಲ್ಕತ್ತದಲ್ಲಿ ಟಿಮೊತಿ ಲೂಯಿಸ್ ನೋಡಿದ್ದ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ಯೋದರ್ ಲ್ಯೋಶ್, ಆಮಶಂಕೆಯಿಂದ ನರಳುತ್ತಿದ್ದ ರೈತನೊಬ್ಬನ ಮಲದಲ್ಲಿ ಅಮೀಬಾಗಳನ್ನು ಕಂಡು ವಿವರವಾಗಿ ಬರೆದ. ಇವುಗಳಲ್ಲಿ ಕಾಯಿಲೆ ತರುವುದು ಒಂದು, ತರದಿರುವುದು ಇನ್ನೊಂದು (ಎಂಟಮೀಬಾ ಕೋಲಿ) ಎಂದು ವಿಂಗಡಿಸಿ, ಮೊದಲನೆಯದಕ್ಕೆ ಹಿಸ್ಟೊಲಿಟಿಕಾ ಎಂದು 1903ರಲ್ಲಿ ಹೆಸರಿಟ್ಟವನು ಫ್ರಿಟ್ಜ್ ಶೌಡಿನ್. 1913ರಲ್ಲಿ ಮನಿಲಾದಲ್ಲಿ ವಾಕರ್ ಮತ್ತು ಸೆಲರ್ಡ್ಸ್ ಕೈದಿಗಳಿಗೆ ಸಿಸ್ಟ್ ತಿನ್ನಿಸಿ ನೋಡಿದರು (ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪದ ಕೆಲಸ). ಹಿಸ್ಟೊಲಿಟಿಕಾ ಎಂದುಕೊಂಡು ಕೊಟ್ಟದ್ದನ್ನು ತಿಂದ 20 ಜನರಲ್ಲಿ 18 ಮಂದಿಯ ಕರುಳಿನಲ್ಲಿ ಅಮೀಬಾ ನೆಲೆಯೂರಿತು, ಆಮಶಂಕೆ ಬಂದದ್ದು ಮಾತ್ರ 4 ಮಂದಿಗೆ. ಉಳಿದವರಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಫ್ರಾನ್ಸಿನ ಎಮಿಲ್ ಬ್ರುಂಪ್ಟ್ 1925ರಲ್ಲಿ ಒಂದು ಉತ್ತರ ಕೊಟ್ಟ: ನೋಡಲು ಒಂದೇ ತರಹದ ಎರಡು ಜಾತಿಗಳಿವೆ, ಕಾಯಿಲೆ ತರದಿರುವುದು ಡಿಸ್ಪಾರ್. ಆಗ ಯಾರೂ ಕಿವಿಗೊಡಲಿಲ್ಲ. ಡಯಮಂಡ್ ಮತ್ತು ಕ್ಲಾರ್ಕ್ ಜೀವರಾಸಾಯನಿಕ ಮತ್ತು ವಂಶವಾಹಿ ಸಾಕ್ಷ್ಯ ಮುಂದಿಟ್ಟು ಆ ಹೆಸರನ್ನು ಮತ್ತೆ ಚಾಲ್ತಿಗೆ ತಂದದ್ದು 1993ರಲ್ಲಿ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಭೆಯೂ ಇದನ್ನೇ ಹೇಳಿತು: ನಾಲ್ಕು ಕೇಂದ್ರದ ಸಿಸ್ಟ್ ಕಂಡರೆ ‘ಹಿಸ್ಟೊಲಿಟಿಕಾ ಅಥವಾ ಡಿಸ್ಪಾರ್’ ಎಂದೇ ಬರೆಯಬೇಕು, ಲಕ್ಷಣವಿಲ್ಲದವರಿಗೆ ಅಷ್ಟರಿಂದಲೇ ಔಷಧ ಕೊಡಬಾರದು. ಆಮೇಲೆ ಎಂಟಮೀಬಾ ಮೊಶ್ಕೊವ್‌ಸ್ಕಿಯೈ ಕೂಡ ಮನುಷ್ಯರಲ್ಲಿ ಹೆಚ್ಚಾಗಿ ಸಿಗತೊಡಗಿತು. ಮೊದಲು ಮಾಸ್ಕೋದ ಚರಂಡಿ ನೀರಿನಲ್ಲಿ ಸಿಕ್ಕಿದ್ದ ಇದರ ಸಿಸ್ಟ್ ಕೂಡ ನೋಡಲು ಹಾಗೆಯೇ. ಆದರೂ ಎಷ್ಟೋ ರಿಪೋರ್ಟುಗಳಲ್ಲಿ ಇವತ್ತಿಗೂ ಒಂದೇ ಹೆಸರು.

ಹಾಗಂತ ಮೈಕ್ರೋಸ್ಕೋಪಿಗೆ ಬೆಲೆಯಿಲ್ಲ ಅಂತಲ್ಲ. ಸರಿಯಾಗಿ ನೋಡಿದರೆ ಅದು ಬಹಳಷ್ಟು ಹೇಳುತ್ತದೆ. ಸರಿಯಾಗಿ ನೋಡುವುದು ಮಾದರಿಯಿಂದಲೇ ಶುರುವಾಗಬೇಕು. ಅಗಲ ಬಾಯಿಯ ಒಣ ಡಬ್ಬಿ, ನೆಲ್ಲಿಕಾಯಿಯಷ್ಟು ಮಲ, ಮೂತ್ರ ಬೆರೆತಿರಬಾರದು. ಮೂತ್ರವಾಗಲಿ ಬರಿ ನೀರಾಗಲಿ ತಗುಲಿದರೆ ಓಡಾಡುವ ರೂಪದ ಅಮೀಬಾ, ಅಂದರೆ ಟ್ರೋಫೋಜೋಯಿಟ್, ಸತ್ತುಹೋಗುತ್ತದೆ. ನೀರುಭೇದಿಯಾದರೆ ಅರ್ಧ ಗಂಟೆಯೊಳಗೆ, ಮೆತ್ತಗಿದ್ದರೆ ಒಂದು ಗಂಟೆಯೊಳಗೆ ನೋಡಿ ಮುಗಿಸಬೇಕು. ಗಟ್ಟಿ ಮಲದಲ್ಲಿ ಇರುವುದು ಸಿಸ್ಟ್ ಮಾತ್ರ, ಅದು ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಲ್ಲ) ಒಂದು ದಿನ ತಡೆಯುತ್ತದೆ. ಬೆಳಗ್ಗೆ ಆರಕ್ಕೆ ಹಿಡಿದ ನೀರುಭೇದಿಯ ಮಾದರಿಯನ್ನು ಹನ್ನೊಂದಕ್ಕೆ ಲ್ಯಾಬಿಗೆ ಕೊಟ್ಟು ‘ಅಮೀಬಾ ಇಲ್ಲ’ ಎಂಬ ಉತ್ತರ ಪಡೆದರೆ ಆ ಉತ್ತರಕ್ಕೆ ಅರ್ಥವಿಲ್ಲ. ಆಂಟಿಬಯಾಟಿಕ್ ಮುಗಿಸಿ ಎರಡು ವಾರವಾದರೂ ಕಳೆದಿರಬೇಕು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಿದ್ದರೆ ಒಂದು ವಾರ ಕಾಯಬೇಕು. ಸಿಸ್ಟ್ ದಿನಾ ಒಂದೇ ಸಮ ಹೊರಬೀಳುವುದಿಲ್ಲವಾದ್ದರಿಂದ ಹತ್ತು ದಿನದೊಳಗೆ, ದಿನ ಬಿಟ್ಟು ದಿನ, ಮೂರು ಮಾದರಿ ಬೇಕು. ಮೂರು ಸಲ ತನ್ನಿ ಅಂದರೆ ಯಾರೂ ತರುವುದಿಲ್ಲ, ಅದು ಬೇರೆ ಮಾತು.

ಸ್ಲೈಡಿನ ಎಡಭಾಗಕ್ಕೆ ಒಂದು ಹನಿ ಸಲೈನ್ (ಲೀಟರ್ ನೀರಿಗೆ 8.5 ಗ್ರಾಂ ಉಪ್ಪು), ಬಲಭಾಗಕ್ಕೆ ಒಂದು ಹನಿ ಲ್ಯೂಗೋಲ್ ಅಯೋಡಿನ್. ಕಡ್ಡಿಯ ತುದಿಯಲ್ಲಿ 2 ಮಿಲಿಗ್ರಾಂನಷ್ಟು ಮಲ ತೆಗೆದು ಎರಡಕ್ಕೂ ಕಲಸಬೇಕು. ಅಂಟು ಅಂಟಾದ ಆಮ ಅಥವಾ ರಕ್ತದ ಎಳೆ ಇದ್ದರೆ ಅಲ್ಲಿಂದಲೇ ತೆಗೆಯಬೇಕು, ಹುಣ್ಣಿನ ಅಮೀಬಾ ಸಿಗುವುದು ಅಲ್ಲೇ. ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ಇಳಿಸಿದರೆ ಗುಳ್ಳೆ ಬರುವುದಿಲ್ಲ. ಲೇಪ ಎಷ್ಟು ತೆಳ್ಳಗಿರಬೇಕೆಂದರೆ, ಸ್ಲೈಡನ್ನು ದಿನಪತ್ರಿಕೆಯ ಮೇಲಿಟ್ಟರೆ ಅಕ್ಷರ ಓದಲು ಬರಬೇಕು. ಅಯೋಡಿನ್ ಲೆಕ್ಕ ಹೀಗೆ: 5 ಗ್ರಾಂ ಅಯೋಡಿನ್, 10 ಗ್ರಾಂ ಪೊಟ್ಯಾಶಿಯಂ ಅಯೋಡೈಡ್, 100 ಮಿಲಿ ನೀರು. ಇದು ಮೂಲ ದ್ರಾವಣ. ಬಳಸುವಾಗ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಬೇಕು. ನೀರು ಸೇರಿಸದೆ ನೇರ ಹಾಕಿದರೆ ಮಲವೆಲ್ಲ ಹೆಪ್ಪುಗಟ್ಟಿ ಕಪ್ಪಾಗಿ ಏನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಬೆಳಕಿನಲ್ಲಿಟ್ಟ ಬಾಟಲಿಯದಾದರೆ ಬಣ್ಣವೇ ಹಿಡಿಯದೆ ಕೇಂದ್ರಗಳು ಕಾಣುವುದಿಲ್ಲ. ಮೊದಲು 10ರ ಲೆನ್ಸಿನಲ್ಲಿ ಕವರ್ ಸ್ಲಿಪ್ ಪೂರ್ತಿ, ಸಾಲು ಬಿಡದೆ, ಉತ್ತಂತೆ ನೋಡಿಕೊಂಡು ಹೋಗುವುದು. ಅನುಮಾನ ಬಂದದ್ದನ್ನು 40ರಲ್ಲಿ ನೋಡುವುದು. ಸಲೈನ್ ನೋಡುವಾಗ ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸಬೇಕು. ಬೆಳಕು ಜಾಸ್ತಿಯಾದರೆ ಬಣ್ಣವಿಲ್ಲದ ಅಮೀಬಾ ಅದರಲ್ಲೇ ಕರಗಿಹೋಗುತ್ತದೆ.

ಎರಡು ಹನಿ ಯಾಕೆಂದರೆ ಒಂದರಲ್ಲಿ ಕಾಣುವುದು ಇನ್ನೊಂದರಲ್ಲಿ ಕಾಣುವುದಿಲ್ಲ. ಅಮೀಬಾ ಓಡಾಡುವುದು ಸಲೈನಿನಲ್ಲಿ ಮಾತ್ರ, ಅಯೋಡಿನ್ ತಗುಲಿದೊಡನೆ ಅದು ಸಾಯುತ್ತದೆ. ಬೆಚ್ಚಗಿನ ಸ್ಲೈಡಿನಲ್ಲಿ ಹಿಸ್ಟೊಲಿಟಿಕಾ ಪಾರದರ್ಶಕವಾದ ಬೆರಳಿನಂಥ ಚಾಚುವನ್ನು ಫಕ್ಕನೆ ಹೊರಚಾಚಿ, ಒಂದೇ ದಿಕ್ಕಿಗೆ ಮುಂದೆ ಸರಿಯುತ್ತದೆ. ಎಂಟಮೀಬಾ ಕೋಲಿ ಮಾತ್ರ ಊಟ ಮುಗಿಸಿ ಎದ್ದವರ ಹಾಗೆ, ಮೊಂಡಾದ ಚಾಚುಗಳನ್ನು ಆ ಕಡೆ ಈ ಕಡೆ ಚಾಚುತ್ತ ಇದ್ದಲ್ಲೇ ಹೊರಳಾಡುತ್ತದೆ. ಸಿಸ್ಟ್‌ನೊಳಗಿನ ಕ್ರೊಮಟಾಯ್ಡ್ ಕಡ್ಡಿಗಳು ಹೊಳೆದು ಕಾಣುವುದೂ ಸಲೈನಿನಲ್ಲೇ. ಹಿಸ್ಟೊಲಿಟಿಕಾ ಗುಂಪಿನಲ್ಲಿ ಅವುಗಳ ತುದಿ ಬೀಡಿಯ ಹಾಗೆ ದುಂಡಗೆ, ಕೋಲಿಯಲ್ಲಿ ಒಡೆದ ಸೌದೆಯ ಚಕ್ಕೆಯ ಹಾಗೆ ಚೂಪು. ಕೇಂದ್ರ ಎಣಿಸಲು ಮತ್ತು ಗ್ಲೈಕೊಜೆನ್ (ಕೋಶ ಕೂಡಿಟ್ಟ ಪಿಷ್ಟದಂಥ ಆಹಾರ) ನೋಡಲು ಅಯೋಡಿನ್ ಬೇಕು.

ಅಂದ ಹಾಗೆ, ಎಂಟಮೀಬಾ ಕೋಲಿಯನ್ನೂ ಎಶರಿಕಿಯಾ ಕೋಲಿ ಎಂಬ ಬ್ಯಾಕ್ಟೀರಿಯಾವನ್ನೂ ಕೆಲವರು ‘ಇ. ಕೋಲಿ’ ಎಂದೇ ಚುಟುಕಾಗಿ ಬರೆಯುತ್ತಾರೆ. ಮಲ ಪರೀಕ್ಷೆಯ ಅಮೀಬಾ ಸಾಲಿನಲ್ಲಿ ಇರುವುದು ನಿರುಪದ್ರವಿ ಅಮೀಬಾ, ಬ್ಯಾಕ್ಟೀರಿಯಾ ಅಲ್ಲ. ಇದನ್ನು ತಪ್ಪಾಗಿ ಓದಿಕೊಂಡು ಆಂಟಿಬಯಾಟಿಕ್ ಬರೆದರೆ ಅದು ರಿಪೋರ್ಟ್ ಬರೆದವರ ತಪ್ಪೂ ಹೌದು. ಹೆಸರು ಪೂರ್ತಿ ಬರೆಯಲು ಎಷ್ಟು ಹೊತ್ತು ಬೇಕು?

ಕೋಲಿಯ ಸಿಸ್ಟ್ ದೊಡ್ಡದು, ಸಾಮಾನ್ಯವಾಗಿ 15ರಿಂದ 25 ಮೈಕ್ರಾನ್, ಬಲಿತದ್ದರಲ್ಲಿ 8 ಕೇಂದ್ರ. ಎಂಟೂ ಒಂದೇ ಮಟ್ಟದಲ್ಲಿರುವುದಿಲ್ಲ, ಫೋಕಸ್ಸಿನ ಸಣ್ಣ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತ ಎಣಿಸಬೇಕು. ತಿರುಗಿಸದೆ ನಾಲ್ಕಕ್ಕೇ ಎಣಿಕೆ ನಿಲ್ಲಿಸಿದರೆ ಕೋಲಿ ಹಿಸ್ಟೊಲಿಟಿಕಾ ಆಗಿಬಿಡುತ್ತದೆ. ಕರುಳಿನ ಇನ್ನೊಂದು ಅಮೀಬಾ ಎಂಡೊಲಿಮಾಕ್ಸ್ ನಾನಾದ ಸಿಸ್ಟ್ ಮೊಟ್ಟೆಯಾಕಾರದ ಪುಟಾಣಿ, 6ರಿಂದ 8 ಮೈಕ್ರಾನ್. ಇದಕ್ಕೂ ನಾಲ್ಕು ಕೇಂದ್ರ, ಆದರೆ ಪ್ರತಿ ಕೇಂದ್ರವೂ ಅಂಚಿಲ್ಲದ ಒಂದೊಂದು ಚುಕ್ಕೆ. ಅಯೊಡಮೀಬಾದ ಸಿಸ್ಟ್ ಕಂಡರೆ ಮರೆಯುವುದಿಲ್ಲ: ಒಂದೇ ಕೇಂದ್ರ, ಪಕ್ಕದಲ್ಲಿ ಅಯೋಡಿನ್ ಹೀರಿ ಕಡು ಕಂದು ಬಣ್ಣಕ್ಕೆ ತಿರುಗಿದ ದೊಡ್ಡ ಗ್ಲೈಕೊಜೆನ್ ಉಂಡೆ. ಹೆಸರು ಬಂದದ್ದೇ ಅದರಿಂದ. ಎಂಟಮೀಬಾ ಹಾರ್ಟ್‌ಮನಿ ಎಲ್ಲದರಲ್ಲೂ ಹಿಸ್ಟೊಲಿಟಿಕಾದ ಚಿಕ್ಕ ಅಚ್ಚು, ಸಿಸ್ಟ್ 10 ಮೈಕ್ರಾನ್ ದಾಟುವುದಿಲ್ಲ. ಇವು ಯಾವುದಕ್ಕೂ ಔಷಧ ಬೇಡ. ಆದರೆ ಇವು ಹೊಟ್ಟೆ ಸೇರಿವೆ ಅಂದರೆ ಮಲ ಬೆರೆತ ನೀರೋ ಊಟವೋ ಬಾಯಿಗೆ ಬಂದಿದೆ ಅಂತ ಅರ್ಥ, ಆ ದಾರಿಯಲ್ಲಿ ಬೇರೆಯವೂ ಬಂದಿರಬಹುದು.

ಹಾರ್ಟ್‌ಮನಿಯನ್ನು ಅಳೆಯದೆ ಗುರುತಿಸಲಾಗದು. ಅಳೆಯಲು ಐಪೀಸಿನಲ್ಲಿ ಮೈಕ್ರೋಮೀಟರ್ ಗೆರೆಪಟ್ಟಿ ಬೇಕು, ಅದನ್ನು ಪ್ರತಿ ಲೆನ್ಸಿಗೂ ಬೇರೆಯಾಗಿ ಹೊಂದಿಸಿಕೊಂಡಿರಬೇಕು. ಸ್ಲೈಡಿನ ಜಾಗದಲ್ಲಿಡುವ ಅಳತೆಪಟ್ಟಿ, ಅಂದರೆ ಸ್ಟೇಜ್ ಮೈಕ್ರೋಮೀಟರಿನ ಒಂದು ಮನೆ 10 ಮೈಕ್ರಾನ್. 40ರ ಲೆನ್ಸಿನಲ್ಲಿ ಐಪೀಸಿನ 40 ಮನೆ ಸ್ಟೇಜಿನ 10 ಮನೆಗೆ ಸರಿಹೊಂದಿದರೆ, ಐಪೀಸಿನ ಒಂದು ಮನೆಗೆ 2.5 ಮೈಕ್ರಾನ್. ಆಗ ನಾಲ್ಕು ಮನೆಗಿಂತ ಚಿಕ್ಕ ಸಿಸ್ಟ್ ಹಾರ್ಟ್‌ಮನಿಯ ಕಡೆಗೆ, ಐದು ಮನೆಯದು ಹಿಸ್ಟೊಲಿಟಿಕಾ–ಡಿಸ್ಪಾರ್ ಕಡೆಗೆ. ಎಷ್ಟೋ ಲ್ಯಾಬುಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ, ಅಂದಾಜಿನ ಮೇಲೆ ಹೆಸರು ಬೀಳುತ್ತದೆ.

ಅಮೀಬಾವೇ ಅಲ್ಲದ್ದನ್ನು ಅಮೀಬಾ ಎನ್ನುವುದು ಇನ್ನೂ ದೊಡ್ಡ ತಪ್ಪು. ಶಿಗೆಲ್ಲಾ ಬ್ಯಾಕ್ಟೀರಿಯಾದ ರಕ್ತಭೇದಿಯಲ್ಲಿ ಮ್ಯಾಕ್ರೋಫೇಜ್ ಎಂಬ ನಮ್ಮದೇ ರಕ್ಷಣಾ ಕೋಶಗಳು ರಾಶಿ ರಾಶಿ ಬರುತ್ತವೆ. ಅವೂ ದೊಡ್ಡವು, ಅವೂ ಕೆಂಪು ರಕ್ತಕಣ ನುಂಗಿರುತ್ತವೆ. ಆದರೆ ಒಂದೇ ದಿಕ್ಕಿಗೆ ಸರಿಯುವುದಿಲ್ಲ, ಸುತ್ತಮುತ್ತ ಕೀವು ಕಣಗಳು ಕಿಕ್ಕಿರಿದಿರುತ್ತವೆ. ಅಮೀಬಾ ಆಮಶಂಕೆಯಲ್ಲಿ ಕೀವು ಕಣ ಕಡಿಮೆ, ಗುಂಪುಗಟ್ಟಿದ ಕೆಂಪು ಕಣಗಳು ಮತ್ತು ಚೂಪಾದ ಶಾರ್ಕೊ-ಲೈಡನ್ ಹರಳುಗಳು ಕಾಣುತ್ತವೆ. ಕೀವು ಕಣದ ಮೂರು ನಾಲ್ಕು ಹಾಲೆಯ ಕೇಂದ್ರವನ್ನು ನಾಲ್ಕು ಕೇಂದ್ರದ ಸಿಸ್ಟ್ ಎಂದು ಎಣಿಸುವವರೂ ಇದ್ದಾರೆ. ಹಾಲೆಗಳ ನಡುವೆ ಎಳೆ ಇದ್ದು, ಸುತ್ತ ಗಟ್ಟಿ ಗೋಡೆ ಇಲ್ಲದಿದ್ದರೆ ಅದು ಸಿಸ್ಟ್ ಅಲ್ಲ.

ಸಾಮಾನ್ಯ ಮೈಕ್ರೋಸ್ಕೋಪೇ ಹಿಸ್ಟೊಲಿಟಿಕಾ ಕಡೆಗೆ ಬಲವಾಗಿ ಬೆರಳು ತೋರಿಸುವುದು ಒಂದೇ ಒಂದು ಸಂದರ್ಭದಲ್ಲಿ: ರಕ್ತ, ಆಮ ಬೀಳುತ್ತಿರುವ ರೋಗಿಯ ತಾಜಾ ಮಲದಲ್ಲಿ, ಕೆಂಪು ರಕ್ತಕಣ ನುಂಗಿ ಓಡಾಡುವ ಟ್ರೋಫೋಜೋಯಿಟ್ ಕಂಡಾಗ. ಉಳಿದಂತೆ ಮಲದಲ್ಲಿ ಹಿಸ್ಟೊಲಿಟಿಕಾದ ಪ್ರೋಟೀನನ್ನೇ ಹುಡುಕುವ ಆಂಟಿಜೆನ್ ಪರೀಕ್ಷೆ ಅಥವಾ ಅದರ ಡಿಎನ್‌ಎ ಹುಡುಕುವ ಪಿಸಿಆರ್ ಬೇಕು. ಆಂಟಿಜೆನ್ ಕಿಟ್ ಕೊಳ್ಳುವಾಗ ಅದು ಹಿಸ್ಟೊಲಿಟಿಕಾ ಒಂದನ್ನೇ ಹಿಡಿಯುತ್ತದೋ ಡಿಸ್ಪಾರನ್ನೂ ಸೇರಿಸಿ ಹಿಡಿಯುತ್ತದೋ ಎಂದು ಕೈಪಿಡಿಯಲ್ಲಿ ನೋಡಬೇಕು, ಎರಡೂ ಬಗೆಯವು ಮಾರುಕಟ್ಟೆಯಲ್ಲಿವೆ. ಲಿವರಿನಲ್ಲಿ ಅಮೀಬಾ ಕೀವು ತುಂಬಿದವರ ಮಲದಲ್ಲಿ ಹೆಚ್ಚಿನ ಸಲ ಏನೂ ಸಿಗುವುದಿಲ್ಲ, ಭೇದಿಯೂ ಇರುವುದಿಲ್ಲ. ಅಲ್ಲಿ ಸ್ಕ್ಯಾನಿಂಗ್ ಮತ್ತು ರಕ್ತದ ಆಂಟಿಬಾಡಿಯೇ ದಾರಿ. ಚಾಕೊಲೇಟ್ ಬಣ್ಣದ ಆ ಕೀವನ್ನು ಸೂಜಿಯಿಂದ ತೆಗೆದರೂ ಮೊದಲು ಬಂದದ್ದರಲ್ಲಿ ಸಾಮಾನ್ಯವಾಗಿ ಅಮೀಬಾ ಇರುವುದಿಲ್ಲ. ಅದು ಗೋಡೆಗೆ ಅಂಟಿಕೊಂಡಿರುವುದರಿಂದ ಕೊನೆಯ ಹನಿಗಳನ್ನೇ ನೋಡಬೇಕು.

ಔಷಧದ ವಿಷಯ ವೈದ್ಯರದು, ಆದರೆ ಒಂದು ಎಡವಟ್ಟು ಮೇಲಿಂದ ಮೇಲೆ ಆಗುತ್ತದೆ. ಮೆಟ್ರೊನಿಡಜೋಲ್ ಕರುಳಿನ ಮೇಲ್ಭಾಗದಲ್ಲೇ ಬಹುಪಾಲು ರಕ್ತಕ್ಕೆ ಸೇರಿಬಿಡುತ್ತದೆ. ಹಾಗಾಗಿ ಗೋಡೆಯೊಳಗೆ ಹೊಕ್ಕ ಅಮೀಬಾವನ್ನು ಕೊಲ್ಲುತ್ತದೆ, ಕರುಳಿನ ಪೊಳ್ಳಿನಲ್ಲಿರುವುದು ಉಳಿದುಕೊಳ್ಳುತ್ತದೆ. ಅದಕ್ಕೇ ಅದರ ಬೆನ್ನಿಗೆ ಡೈಲಾಕ್ಸನೈಡ್ ಫ್ಯೂರೋಯೇಟ್ (ದೊಡ್ಡವರಿಗೆ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 10 ದಿನ) ಅಥವಾ ಪಾರೊಮೊಮೈಸಿನ್ ಕೊಡುವುದು. ಹಿಸ್ಟೊಲಿಟಿಕಾವೇ ಎಂದು ಖಾತ್ರಿಯಾಗಿ ಲಕ್ಷಣ ಏನೂ ಇಲ್ಲದಿದ್ದರೆ ಈ ಎರಡನೆಯ ಬಗೆಯ ಔಷಧವೊಂದೇ ಸಾಕು. ಲಕ್ಷಣವಿಲ್ಲದ ಡಿಸ್ಪಾರ್‌ಗೆ ವರ್ಷಕ್ಕೆ ಮೂರು ಸಲ ಮೆಟ್ರೊನಿಡಜೋಲ್ ನುಂಗುವುದರಿಂದ ಬಾಯಿ ಕಹಿಯಾಗುವುದೊಂದೇ ಲಾಭ.

ಬಾಯಿಯಲ್ಲೂ ಒಂದಿದೆ, ಎಂಟಮೀಬಾ ಜಿಂಜಿವಾಲಿಸ್, ಹಲ್ಲು ಮತ್ತು ವಸಡಿನ ಸಂದಿಯಲ್ಲಿ. ಇದಕ್ಕೆ ಸಿಸ್ಟ್ ಇಲ್ಲ, ಎಂಜಲಿನಲ್ಲೇ ಹರಡುತ್ತದೆ. ಕಫದಲ್ಲಿ ಇದನ್ನು ಕಂಡು ಶ್ವಾಸಕೋಶಕ್ಕೆ ಹಿಸ್ಟೊಲಿಟಿಕಾ ಹೋಗಿದೆ ಎಂದು ಗಾಬರಿಯಾಗುವುದುಂಟು. ಜಿಂಜಿವಾಲಿಸ್‌ನ ಹೊಟ್ಟೆಯಲ್ಲಿ ಬಿಳಿ ರಕ್ತಕಣದ ಕೇಂದ್ರದ ಚೂರುಗಳಿರುತ್ತವೆ, ಹಿಸ್ಟೊಲಿಟಿಕಾ ಹಾಗೆ ಅವನ್ನು ಉಳಿಸಿಕೊಂಡಿರುವುದಿಲ್ಲ.

ಪ್ರಾಣಿಗಳಲ್ಲೂ ಇದೇ ಕತೆ. ದನದ ಸಗಣಿಯಲ್ಲಿ ಒಂದೇ ಕೇಂದ್ರದ ಎಂಟಮೀಬಾ ಬೋವಿಸ್ ಸಿಸ್ಟ್ ಸಿಗುತ್ತದೆ, ಅದರಿಂದ ದನಕ್ಕೆ ತೊಂದರೆಯಿಲ್ಲ. ಕರು ಭೇದಿ ಮಾಡುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಸರೀಸೃಪಗಳ ಎಂಟಮೀಬಾ ಇನ್ವೇಡನ್ಸ್ ಮಾತ್ರ ಎರಡು ಮುಖದ್ದು: ಆಮೆಯ ಕರುಳಿನಲ್ಲಿ ಸಾಮಾನ್ಯವಾಗಿ ಸಾಧು ಸಹಭೋಜಿ, ಅದೇ ಹಾವಿನ ಹೊಟ್ಟೆ ಸೇರಿದರೆ ಕರುಳು, ಲಿವರ್ ಕೊಳೆಯಿಸಿ ಕೊಲ್ಲುತ್ತದೆ. ಆಮೆಯ ತೊಟ್ಟಿಯ ನೀರು, ಚಿಮುಟ, ಬಟ್ಟಲು ಯಾವುದೂ ಹಾವಿನ ಗೂಡಿಗೆ ಹೋಗಬಾರದು ಎಂಬ ಕಟ್ಟುನಿಟ್ಟು ಇದಕ್ಕೇ. ಇನ್ನು ಮಕಾಕ್ ಕೋತಿಗಳಲ್ಲಿ ಎಂಟಮೀಬಾ ನಟ್ಟಲಿ ಎಂಬುದಿದೆ, ಅದರ ಸಿಸ್ಟ್‌ಗೂ ನಾಲ್ಕೇ ಕೇಂದ್ರ. ಮೃಗಾಲಯದ ಕೋತಿಯ ರಿಪೋರ್ಟಿನಲ್ಲಿ ‘ಹಿಸ್ಟೊಲಿಟಿಕಾ’ ಎಂದಿದ್ದರೆ ಅದು ಹಿಸ್ಟೊಲಿಟಿಕಾವೋ, ಡಿಸ್ಪಾರೋ, ನಟ್ಟಲಿಯೋ ಎಂದು ಪಿಸಿಆರ್ ಮಾಡಿಸಿಯೇ ಕೇಳಬೇಕು.