ಹೋದ ಮಂಗಳವಾರಕ್ಕೆ ಹಿಂದಿರುಗಿದ ಲಗ್ನಪತ್ರಿಕೆಗಳು

ಬಾಗಲಕೋಟೆ ನವನಗರದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಮಾಡುತ್ತೇನೆ. ತುಳಸಿ ಲಗ್ನ ಮುಗಿಯಿತೆಂದರೆ ನಮ್ಮಲ್ಲಿ ಲಗ್ನಪತ್ರಿಕೆಗಳ ಗದ್ದಲ ಶುರು. ಸರಿಯಾಗಿ ಅದೇ ಹೊತ್ತಿಗೆ ನಾನು ಕಂಪ್ಯೂಟರಿಗೆ ಕೈ ಹಾಕಿದೆ.

ಕಾರಣ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮದು ಇಂಟೆಲ್‌ನ ಫೋರ್ತ್ ಜನರೇಶನ್ ಐ3 ಪ್ರೊಸೆಸರ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಶನ್ ಇಲ್ಲವೇ ಅದರ ಮುಂದಿನದೇ ಬೇಕು. ಹೊಸ ಮಶೀನ್ ಮಾತೆತ್ತಿದ ಕೂಡಲೇ ಮಾಲಕರು, ಅಂದರೆ ನಮ್ಮ ಕಾಕಾ, ಪೇಪರ್ ರಿಮ್ ಎಣಿಸತೊಡಗಿದರು. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಬ್ರೌಸರ್, ಪ್ರಿಂಟರ್, ಪಿಡಿಎಫ್ ಎಲ್ಲ ಸುಮ್ನೆ ನಡೆದವು.

ನಡೆಯದ್ದು ಪುಟ ಜೋಡಿಸುವ ಹಳೆಯ ವಿಂಡೋಸ್ ಪ್ರೋಗ್ರಾಂ ಪೇಜ್‌ಮೇಕರ್ 7. ನಮ್ಮ ಹಳೆಯ ಪತ್ರಿಕೆಗಳೆಲ್ಲ ಅದರಲ್ಲೇ, ನುಡಿ ಆಸ್ಕಿ ಫಾಂಟಿನಲ್ಲೇ ಇವೆ. ಆ ಫಾಂಟಿನ ಕನ್ನಡ ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಫಾಂಟ್ ಇಲ್ಲದಿದ್ದರೆ 'ಶ್ರೀ ಗಣೇಶಾಯ ನಮಃ' ಕೂಡ ತಲೆ ಮೇಲೆ ಚುಕ್ಕಿ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ.

ಕಪಾಟಿನಲ್ಲಿ ಹಳೆಯ ವಿಂಡೋಸ್ 7 ಡಿಸ್ಕ್ ಇತ್ತು. ಮಿಂಟ್ ಒಳಗೆ ವರ್ಚುವಲ್‌ಬಾಕ್ಸ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಪ್ರೋಗ್ರಾಂ ಹಾಕಿ, ಅದರಲ್ಲಿ ಈ ವಿಂಡೋಸ್ ಕೂರಿಸಿದೆ. ಮೊದಲು ಚಾಲೂ ಆಗಲೇ ಇಲ್ಲ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಇದಕ್ಕೆ ಬೇಕಾದ ವರ್ಚುವಲೈಸೇಶನ್ ಆಫ್ ಇದ್ದದ್ದು ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಹೋಯಿತು. 8 ಜಿಬಿ ರ‍್ಯಾಮ್‌ನಲ್ಲಿ 2 ಜಿಬಿ ಅದಕ್ಕೆ ಕೊಟ್ಟೆ. 2020ರಿಂದ ಅಪ್‌ಡೇಟ್ ಇಲ್ಲದ ಸಿಸ್ಟಮ್ ಅಲ್ವಾ, ನೆಟ್ ಕತ್ತರಿಸಿಬಿಟ್ಟೆ.

ಆಮೇಲೆ ಸ್ನ್ಯಾಪ್‌ಶಾಟ್ ಹುಚ್ಚು ಹಿಡಿಯಿತು. ಒಂದು ಕ್ಲಿಕ್ ಮಾಡಿದರೆ ಮಶೀನಿನ ಆ ಗಳಿಗೆಯ ಸ್ಥಿತಿ ಉಳಿಯುತ್ತದೆ. ಕೆಟ್ಟರೆ ವಾಪಸ್. ಫಾಂಟ್ ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು, ಹೀಗೆ ಒಂಬತ್ತಾದವು. ಪ್ರತಿ ಸ್ನ್ಯಾಪ್‌ಶಾಟ್ ಆದ ಮೇಲೆ ಬರೆದದ್ದೆಲ್ಲ ಬೇರೆ ಫೈಲಿಗೆ ಹೋಗುತ್ತದೆ, ಆ ಫೈಲು ಬೆಳೆಯುತ್ತಲೇ ಇರುತ್ತದೆ. 120 ಜಿಬಿಯ ಎಸ್‌ಎಸ್‌ಡಿ ತುಂಬುತ್ತಾ ಬಂತು.

ಒಂದು ಸೋಮವಾರ ಯಾವುದೋ ಫಾಂಟ್ ಹಾಕಿ ಪೇಜ್‌ಮೇಕರ್ ಕೆಟ್ಟಿತು. ಮಂಗಳವಾರದ ಸ್ನ್ಯಾಪ್‌ಶಾಟಿಗೆ ಹೋಗೋಣ ಎಂದುಕೊಂಡೆ. ರಿಸ್ಟೋರ್ ಒತ್ತಿದಾಗ 'ಈಗಿನ ಸ್ಥಿತಿಯನ್ನೂ ಉಳಿಸಲೇ' ಎಂದು ಒಂದು ಟಿಕ್ ಬಂತು. ಜಾಗ ಎಲ್ಲಿದೆ? ಟಿಕ್ ತೆಗೆದೆ. ಪೇಜ್‌ಮೇಕರ್ ಚಂದ ತೆರೆಯಿತು. ಫೋಲ್ಡರಿನಲ್ಲಿ ಮಂಗಳವಾರದ ನಂತರ ಮಾಡಿದ್ದು ಒಂದೂ ಇಲ್ಲ. ಫೈಲುಗಳನ್ನು ನಾನು ಆ ವಿಂಡೋಸಿನ ಒಳಗೇ ಸೇವ್ ಮಾಡುತ್ತಿದ್ದೆ.

"ಎಲ್ಲಿ ಹೋದ್ವೋ ತಮ್ಮಾ?" ಎಂದರು ಕಾಕಾ.

"ಹೋದ ಮಂಗಳವಾರಕ್ಕ ಹೋದ್ವು ಕಾಕಾ."

ಅವರು ನಗಲಿಲ್ಲ. ಮೂರು ಪತ್ರಿಕೆ, ಮರುದಿನವೇ ಡೆಲಿವರಿ. ಪುಣ್ಯಕ್ಕೆ ಪ್ರೂಫ್ ಪಿಡಿಎಫ್‌ಗಳು ಗಿರಾಕಿಗಳ ವಾಟ್ಸಾಪಿಗೆ ಹೋಗಿದ್ದವು. ಅವುಗಳಿಂದ ಅಕ್ಷರ ಕಾಪಿ ಮಾಡಿ ನುಡಿ ಫಾಂಟ್ ಕೊಟ್ಟರೆ ಕನ್ನಡ ವಾಪಸ್ ಬಂತು, ಒತ್ತಕ್ಷರ ಮಾತ್ರ ಅಲ್ಲಲ್ಲಿ ಕೆಟ್ಟಿತ್ತು. ಸೋದರಮಾವಂದಿರ ಹೆಸರುಗಳನ್ನು ಮೂರು ಸಲ ಓದಿದೆ. ಅದರಲ್ಲಿ ತಪ್ಪಾದರೆ ಪೂರಾ ಬಂಡಲ್ ವಾಪಸ್ ಬರುತ್ತದೆ. ರಾತ್ರಿ ಎರಡಾಯಿತು.

ಈಗ ಆ ವಿಂಡೋಸಿನಲ್ಲಿ ಪೇಜ್‌ಮೇಕರ್, ನುಡಿ, ಎರಡೇ ಸ್ನ್ಯಾಪ್‌ಶಾಟ್. ಫೈಲುಗಳು ಮಿಂಟ್ ಕಡೆಯ ಶೇರ್ಡ್ ಫೋಲ್ಡರಿನಲ್ಲಿವೆ, ಅಲ್ಲಿಂದ ಸಂಜೆ ಪೆನ್‌ಡ್ರೈವ್‌ಗೆ. ವಿಂಡೋಸನ್ನು ಎಷ್ಟು ಹಿಂದೆ ತಳ್ಳಿದರೂ ಅವು ಜಾಗ ಬಿಡುವುದಿಲ್ಲ. ವಿಸಿಟಿಂಗ್ ಕಾರ್ಡುಗಳನ್ನು ಮಿಂಟ್‌ನಲ್ಲೇ ನಡೆಯುವ ಇಂಕ್‌ಸ್ಕೇಪ್ ಎಂಬ ಡಿಸೈನ್ ಪ್ರೋಗ್ರಾಮಿನಲ್ಲಿ ಯೂನಿಕೋಡ್‌ನಲ್ಲೇ, ಅಂದರೆ ಒಳಗೂ ಕನ್ನಡವೇ ಆಗಿರುವ ಅಕ್ಷರಗಳಲ್ಲಿ ಮಾಡುತ್ತಿದ್ದೇನೆ. ಮಿಂಟ್‌ನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್‌ನಲ್ಲಿ ನುಡಿಯದೇ ಕೆಜಿಪಿ ಕೀಲಿಮಣೆ ಇರುವುದರಿಂದ ಬೆರಳಿಗೆ ಹೊಸದೇನಿಲ್ಲ.

ಪೆನ್‌ಡ್ರೈವ್ ಮಾತ್ರ ಕಾಕಾ ನನ್ನ ಹತ್ತಿರ ಬಿಡುವುದಿಲ್ಲ. ದಿನಾ ಸಂಜೆ ಇಸಿದುಕೊಂಡು ಗಲ್ಲಾದಲ್ಲಿ ಹಾಕಿ ಕೀಲಿ ಜಡಿಯುತ್ತಾರೆ.